ಭತ್ತವೋ ಜೋಳವೋ? ನಿರ್ಧಾರದ ಲೆಕ್ಕ ಹಾಕುವುದು ಹೀಗೆ

ಡಿಸಿಷನ್ ಅನಾಲಿಸಿಸ್ (ಅನಿಶ್ಚಿತತೆಯಲ್ಲಿ ಲೆಕ್ಕ ಹಾಕಿ ನಿರ್ಧಾರ ಮಾಡುವುದು) ಪಾಠ ಎಂಬಿಎ ಹುಡುಗರಿಗೆ ತರಗತಿಯಲ್ಲಿ ಸಲೀಸು. ಸಂಭವನೀಯತೆ 0.6, 0.4 ಎಂದು ಪುಸ್ತಕದಲ್ಲೇ ಕೊಟ್ಟಿರುತ್ತಾರೆ. ಗುಣಿಸಿ ಕೂಡಿದರೆ ಮುಗಿಯಿತು. ಪ್ರಾಜೆಕ್ಟ್‌ಗೆಂದು ರಾಯಚೂರು ಬಿಟ್ಟು ಮಾನ್ವಿ, ಸಿರವಾರ ಕಡೆ ಹೋದಾಗ ಆ 0.6 ಯಾರೂ ಕೊಡುವುದಿಲ್ಲ. ಆಗ ಸುಮ್ನೆ 50-50 ಎಂದು ಬರೆದುಬಿಡುತ್ತಾರೆ. ರಿಪೋರ್ಟ್ ಕೆಡುವುದೇ ಅಲ್ಲಿ.

ಒಂದು ಲೆಕ್ಕ ಹಿಡಿಯೋಣ. ತುಂಗಭದ್ರಾ ಎಡದಂಡೆ ನಾಲೆಯ ಕೊನೆ ಭಾಗದ ರೈತ ಎರಡನೇ ಬೆಳೆಗೆ ಭತ್ತ ಹಚ್ಚಬೇಕೋ, ಜೋಳ ಬಿತ್ತಬೇಕೋ?

ಹಂತ 1: ನಿರ್ಧಾರದ ಮರ ಬರೆಯಿರಿ, ಅಂದರೆ ಆಯ್ಕೆಗಳನ್ನೂ ಅವುಗಳ ಫಲಗಳನ್ನೂ ಎಡದಿಂದ ಬಲಕ್ಕೆ ಕೊಂಬೆಗಳಾಗಿ ತೋರಿಸುವ ಚಿತ್ರ. ರೈತನ ಕೈಯಲ್ಲಿರುವ ಆಯ್ಕೆಗೆ ಚೌಕ, ಕೈಯಲ್ಲಿ ಇಲ್ಲದ್ದಕ್ಕೆ (ನೀರು ಬರುವುದು, ಬಾರದಿರುವುದು) ವೃತ್ತ. ಹಾಳೆಯ ಮೇಲೆ ಪೆನ್ಸಿಲ್‌ನಲ್ಲೇ ಬರೆಯಿರಿ, ಎಕ್ಸೆಲ್ ಆಮೇಲೆ.

ಹಂತ 2: ಕೊಂಬೆಯ ತುದಿಗೆ ಎಕರೆ ಲಾಭ ಹಾಕಿ. ಗೊಬ್ಬರ, ಕೂಲಿ, ಲೀಸ್ ದುಡ್ಡು ಎಲ್ಲ ಕಳೆದ ಮೇಲೆ ಉಳಿಯುವುದು. ಉದಾಹರಣೆಗೆ ಹೀಗಿಟ್ಟುಕೊಳ್ಳಿ: ನೀರು ಬಂದರೆ ಭತ್ತಕ್ಕೆ 30 ಸಾವಿರ ಲಾಭ, ಬಾರದಿದ್ದರೆ 20 ಸಾವಿರ ನಷ್ಟ. ಜೋಳಕ್ಕೆ ಬಂದರೆ 12 ಸಾವಿರ, ಬಾರದಿದ್ದರೂ 8 ಸಾವಿರ ಲಾಭ.

ಹಂತ 3: ಸಂಭವನೀಯತೆ. ಇಲ್ಲಿ ಅವಸರ ಬೇಡ. "ಯಜಮಾನ್ರೇ, ನೀರು ಬರೋ ಸಾಧ್ಯತೆ ಎಷ್ಟು ಪರ್ಸೆಂಟ್?" ಎಂದು ಕೇಳಿದರೆ "ಅದನ್ನ ಹೆಂಗ ಹೇಳ್ಬೇಕಪಾ?" ಎಂಬ ಉತ್ತರವೇ ಬರುತ್ತದೆ. ಪರ್ಸೆಂಟ್ ಮಾತೇ ಎತ್ತಬೇಡಿ. "ಹಿಂದಿನ ಹತ್ತು ವರ್ಷದಾಗ ಎಷ್ಟು ವರ್ಷ ಕೊನೆ ಹೊಲದ ತನಕ ನೀರು ಬಂತು?" ಎಂದು ಕೇಳಿ. ಒಬ್ಬೊಬ್ಬರನ್ನೇ ಬೇರೆ ಬೇರೆ ಕೇಳಿ. ಕಟ್ಟೆ ಮೇಲೆ ಎಲ್ಲರನ್ನೂ ಕೂರಿಸಿ ಕೇಳಿದರೆ ಮೊದಲು ಮಾತಾಡಿದವರ ಸಂಖ್ಯೆಯೇ ಎಲ್ಲರ ಬಾಯಲ್ಲೂ ಬರುತ್ತದೆ. ಒಣಗಿದ ವರ್ಷ ಜಾಸ್ತಿ ನೆನಪಿರುತ್ತದೆ, ಅಲ್ವಾ? ಅದಕ್ಕೇ ನಾಲೆಯ ಮೈಲ್ 69, ಮೈಲ್ 104ರ ಗೇಜ್ ಲೆಕ್ಕ (ಅಲ್ಲಿ ಅಳೆದ ನೀರಿನ ಮಟ್ಟ) ನೀರಾವರಿ ಕಚೇರಿಯಲ್ಲಿ ಕೇಳಿ, ರೈತರ ಮಾತಿನ ಪಕ್ಕಕ್ಕಿಟ್ಟು ನೋಡಿ. 2024ರ ಆಗಸ್ಟ್‌ನಲ್ಲಿ ಡ್ಯಾಮಿನ 19ನೇ ಗೇಟ್ ಕೊಚ್ಚಿಹೋಯಿತು. ಅಂಥ ವರ್ಷವನ್ನು ಲೆಕ್ಕದಿಂದ ತೆಗೆಯಬೇಡಿ, ಪಕ್ಕದಲ್ಲಿ ಗುರುತು ಹಾಕಿಡಿ.

ಹಂತ 4: ಬಲದಿಂದ ಎಡಕ್ಕೆ, ಪ್ರತಿ ತುದಿಯ ಲಾಭವನ್ನು ಅದರ ಸಂಭವನೀಯತೆಯಿಂದ ಗುಣಿಸಿ ಕೂಡುತ್ತ ಬನ್ನಿ. ನೀರು ಬರುವ ಸಾಧ್ಯತೆ 0.6 ಹಿಡಿದರೆ ಭತ್ತಕ್ಕೆ 10 ಸಾವಿರ, ಜೋಳಕ್ಕೆ 10,400.

ಇಲ್ಲಿಗೆ ನಿಲ್ಲಿಸಿ "ಜೋಳವೇ ಉತ್ತಮ" ಎಂದು ಬರೆದವರಿಗೆ ನಾನಂತೂ ಅಂಕ ಕೊಡುವುದಿಲ್ಲ. 0.7 ಹಾಕಿ ನೋಡಿ: ಭತ್ತ 15 ಸಾವಿರ, ಜೋಳ 10,800. ಉತ್ತರ ಉಲ್ಟಾ! ಎರಡೂ ಸರಿಸಮ ಆಗುವುದು ಸುಮಾರು 0.61ರಲ್ಲಿ. ಹೀಗಾಗಿ ನೀರಿನ ಸಾಧ್ಯತೆ ಖಚಿತವಾಗಿ ಎಷ್ಟು ಎಂದು ತಲೆ ಕೆಡಿಸಿಕೊಳ್ಳಬೇಕಿಲ್ಲ. ಅದು 61 ಪರ್ಸೆಂಟಿನ ಮೇಲೋ ಕೆಳಗೋ ಅಷ್ಟೇ ಪ್ರಶ್ನೆ. ಹತ್ತರಲ್ಲಿ ಎಂಟು ವರ್ಷ ನೀರು ಬಂದ ಹೊಲಕ್ಕೆ ಭತ್ತ, ನಾಲ್ಕೇ ವರ್ಷ ಬಂದದ್ದಕ್ಕೆ ಜೋಳ. ಆರು ವರ್ಷ ಎಂದವರಿಗೆ ಸಾಲದ ಹೊರೆ ಎಷ್ಟಿದೆ ಎಂದೂ ಕೇಳಿ. 20 ಸಾವಿರ ನಷ್ಟ ತಡೆಯಲಾಗದವರು ಸರಾಸರಿ ನೋಡಿ ಬೆಳೆ ಹಾಕುವುದಿಲ್ಲ.

ಪರೀಕ್ಷೆ ಹಿಂದಿನ ದಿನ ಜೆರಾಕ್ಸ್ ಅಂಗಡಿಯಲ್ಲಿ ಸಿಗುವ ನೋಟ್ಸ್‌ನಲ್ಲಿ ಈ ಸರಿಸಮದ ಲೆಕ್ಕ ಹುಡುಕಬೇಡಿ, ಸೂತ್ರ ಮಾತ್ರ ಇರುತ್ತದೆ. ದುಡ್ಡಲ್ಲಿ ಅಳೆಯಲಾಗದ್ದು ಸೇರಿದರೆ ಥಾಮಸ್ ಸಾಟಿ 1970ರ ದಶಕದಲ್ಲಿ ರೂಪಿಸಿದ ಎಎಚ್‌ಪಿ (ಅನಾಲಿಟಿಕ್ ಹೈರಾರ್ಕಿ ಪ್ರೊಸೆಸ್) ವಿಧಾನ ಇದೆ, ಅದರಲ್ಲಿ ಮಾನದಂಡಗಳನ್ನು ಎರಡೆರಡಾಗಿ ಹೋಲಿಸಿ ತೂಕ ಕೊಡುತ್ತಾರೆ. ಆದರೆ ಮಾನದಂಡ ನಾಲ್ಕೇ ಇಡಿ. ಏಳು ಇಟ್ಟರೆ 21 ಜೋಡಿ ಹೋಲಿಕೆ ಕೇಳಬೇಕಾಗುತ್ತದೆ. ಅಷ್ಟೊತ್ತಿಗೆ ಯಜಮಾನರು ಎದ್ದು ಹೊಲಕ್ಕೆ ಹೋಗಿರುತ್ತಾರೆ.

ಹಂತ 5: ಕಾಯುವುದರ ಬೆಲೆ. ನೀರು ಬರುತ್ತದೋ ಇಲ್ಲವೋ ಮೊದಲೇ ಪಕ್ಕಾ ಗೊತ್ತಾದರೆ, ಬರುವ ವರ್ಷ ಭತ್ತ, ಬಾರದ ವರ್ಷ ಜೋಳ ಹಾಕಿ, 0.6ರ ಲೆಕ್ಕದಲ್ಲಿ ಸರಾಸರಿ ಲಾಭ 21,200. ಜೋಳದ 10,400 ಕಳೆದರೆ ಆ ಸುದ್ದಿಗೆ ಎಕರೆಗೆ 10,800 ಬೆಲೆ. ನಾಲೆಗೆ ನೀರು ಬಿಡುವ ಬಗ್ಗೆ ಐಸಿಸಿ (ನೀರಾವರಿ ಸಲಹಾ ಸಮಿತಿ) ಸಭೆಯ ತೀರ್ಮಾನವೂ ಪೂರ್ತಿ ಪಕ್ಕಾ ಅಲ್ಲ, ಹಾಗಾಗಿ ಅದರ ಬೆಲೆ ಇದಕ್ಕಿಂತ ಕಡಿಮೆ. ಸಭೆ ತನಕ ಕಾದರೆ ಬಿತ್ತನೆ ತಡವಾಗಿ ಇಳುವರಿ ಎಷ್ಟು ಇಳಿಯುತ್ತದೆ ಎಂದು ಕೇಳಿ, ಅದನ್ನೂ ಕಳೆದು ರಿಪೋರ್ಟ್‌ಗೆ ಹಾಕಿ.