ಹಳೆಯ ಸ್ಪೋರನ್ ಕೊಳ್ಳುವ ಮುಂಚೆ ಹಿಂದೆ ತಿರುಗಿಸಿ ನೋಡಿ

ಸ್ಪೋರನ್ ಅಂದರೆ ಸ್ಕಾಟ್ಲೆಂಡಿನವರು ಕಿಲ್ಟ್ ಅನ್ನುವ ನೆರಿಗೆಯ ಲಂಗ ಉಟ್ಟಾಗ ಸೊಂಟದ ಮುಂದೆ ತೂಗಿಬಿಡುವ ಚೀಲ. ಕಿಲ್ಟ್‌ಗೆ ಜೇಬಿಲ್ಲ, ಅದಕ್ಕೇ ಇದು. ಅಲ್ಲಿನ ಗೇಲಿಕ್ ಭಾಷೆಯಲ್ಲಿ ಈ ಪದಕ್ಕೆ ಹಣದ ಚೀಲ ಅಂತಲೇ ಅರ್ಥ. ಸೆಕೆಂಡ್ ಹ್ಯಾಂಡ್ ಸ್ಪೋರನ್ ಹುಡುಕಲು ಹೊರಟವರಿಗೆ ನಾನು ಮೊದಲು ಹೇಳುವುದು ಒಂದೇ: ಮುಂಭಾಗ ನೋಡಿ ಮರುಳಾಗಬೇಡಿ, ಹಿಂಭಾಗ ಮತ್ತು ಒಳಗಿನ ಫೋಟೋ ಕೇಳಿ.

ನಾನು ಮೊದಲು ಕೊಂಡದ್ದು ‘ವಿಕ್ಟೋರಿಯನ್ ಕಾಲದ್ದು’ ಅಂತ ಬರೆದಿದ್ದ, ಉದ್ದ ಬಿಳಿ ಕೂದಲಿನ ಒಂದು ಸ್ಪೋರನ್. ಎರಡೇ ಫೋಟೋ ಇದ್ದವು, ಎರಡೂ ಮುಂದಿನಿಂದ ತೆಗೆದವು. ಕೈಗೆ ಬಂದ ಮೇಲೆ ಬಾಯಿ ಬಿಡಿಸಿ ನೋಡಿದರೆ ಒಳಗೆ ನೈಲಾನ್ ಲೈನಿಂಗ್. ವಿಕ್ಟೋರಿಯಾ ರಾಣಿ ತೀರಿಕೊಂಡದ್ದು 1901ರಲ್ಲಿ, ನೈಲಾನ್ ಬಂದದ್ದು 1930ರ ದಶಕದ ಕೊನೆಯಲ್ಲಿ. ಲೈನಿಂಗನ್ನು ಆಮೇಲೆ ಯಾರೋ ಬದಲಿಸಿರಬಹುದು ಅಂತ ಸಮಾಧಾನ ಮಾಡಿಕೊಂಡು, ಉದುರಿ ಬಿದ್ದಿದ್ದ ಒಂದು ಕೂದಲನ್ನು ಚಿಮಟದಲ್ಲಿ ಹಿಡಿದು ಬೆಂಕಿಗೆ ತೋರಿಸಿದೆ. ಕೂದಲು ಸುಟ್ಟ ವಾಸನೆ ಬರಲಿಲ್ಲ. ಕರಗಿ, ತುದಿಯಲ್ಲಿ ಗಟ್ಟಿ ಮಣಿಯಾಗಿ ನಿಂತಿತು, ಅಂದರೆ ಅದು ಕೃತಕ ನಾರು. ಅಲ್ಲಿಗೆ ಮುಗಿಯಿತು. ಆ ಪರೀಕ್ಷೆ ಈಗಲೂ ಮಾಡುತ್ತೇನೆ, ಆದರೆ ತಾನಾಗಿ ಉದುರಿದ ಕೂದಲಿನ ಮೇಲೆ ಮಾತ್ರ, ಅದೂ ಚೀಲದಿಂದ ದೂರ ಕೂತು. ದಯವಿಟ್ಟು ಯಾರೂ ಕೂದಲು ಕೀಳಬೇಡಿ.

ಕಾಲ ಗುರುತಿಸಲು ಸ್ವಲ್ಪ ಚರಿತ್ರೆ ಗೊತ್ತಿದ್ದರೆ ಸಾಕು. 18ನೇ ಶತಮಾನದವು ಸಾಮಾನ್ಯವಾಗಿ ಜಿಂಕೆ ಅಥವಾ ಕರುವಿನ ಚರ್ಮದ ಸಂಚಿಗಳು: ದಾರ ಎಳೆದರೆ ಬಾಯಿ ಮುಚ್ಚುತ್ತದೆ, ಕೆಲವಕ್ಕೆ ಮೇಲೆ ಅರ್ಧಚಂದ್ರದ ಹಿತ್ತಾಳೆ ಪಟ್ಟಿ ಇರುತ್ತದೆ. ಈ ಪಟ್ಟಿಗೆ ಕ್ಯಾಂಟಲ್ ಅಂತ ಹೆಸರು. ಎಡಿನ್‌ಬರೋದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಒಳಗೆ ನಾಲ್ಕು ಪುಟ್ಟ ಪಿಸ್ತೂಲು ಅಡಗಿಸಿಟ್ಟಿರುವ ಒಂದು ಕ್ಯಾಂಟಲ್ ಇದೆ, ಕೀಲಿ ಗೊತ್ತಿಲ್ಲದೆ ತೆರೆಯಲು ಹೋದವನ ಗತಿ ಏನಾಗಬೇಕಿತ್ತು ಯೋಚಿಸಿ! 1746ರ ಕಾನೂನು ಹೈಲ್ಯಾಂಡ್ ಅಂದರೆ ಸ್ಕಾಟ್ಲೆಂಡಿನ ಗುಡ್ಡನಾಡಿನ ಉಡುಪನ್ನೇ ನಿಷೇಧಿಸಿತು, 1782ರಲ್ಲಿ ಅದು ರದ್ದಾಯಿತು. 1822ರಲ್ಲಿ ನಾಲ್ಕನೇ ಜಾರ್ಜ್ ದೊರೆ ಎಡಿನ್‌ಬರೋಗೆ ಬಂದಾಗ ಕಿಲ್ಟ್ ಮತ್ತೆ ಸಡಗರದ ಉಡುಪಾಯಿತು. ಮುಂದೆ ವಿಕ್ಟೋರಿಯನ್ ಕಾಲದಲ್ಲಿ ಮೇಕೆ ಕೂದಲು, ಕುದುರೆ ಕೂದಲಿನ ಉದ್ದುದ್ದ ಸ್ಪೋರನ್‌ಗಳು ಮೆರೆದವು. ಇವತ್ತು ಮಾರಾಟಕ್ಕೆ ಬರುವುದರಲ್ಲಿ ಜಾಸ್ತಿ 20ನೇ ಶತಮಾನದವೇ: ಹಗಲಿಗೆ ತೊಡುವ ಸರಳ ಚರ್ಮದವು, ಸಂಜೆಯ ಸಮಾರಂಭಕ್ಕೆ ತುಪ್ಪಳದ ಮುಂಭಾಗ ಮತ್ತು ಬೆಳ್ಳಿ ಬಣ್ಣದ ಕ್ಯಾಂಟಲ್ ಇರುವವು, ಇವೆರಡರ ನಡುವೆ ತುಪ್ಪಳದ ಮೇಲೆ ಚರ್ಮದ ಮುಚ್ಚಳ ಇರುವ ಸೆಮಿ ಡ್ರೆಸ್. ‘ಕಲ್ಲೋಡೆನ್ ಯುದ್ಧದ ಕಾಲದ್ದು’, ಅಂದರೆ 1746ರದ್ದು ಅಂತ ಯಾರಾದರೂ ಅಗ್ಗಕ್ಕೆ ಕೊಡಲು ಬಂದರೆ ಅದು ಬಹುಮಟ್ಟಿಗೆ ನಕಲು.

ಈಗ ಹಿಂದೆ ತಿರುಗಿಸಿ. ಚರ್ಮ ಮಡಚುವ ಜಾಗದಲ್ಲಿ, ಬೆಲ್ಟ್ ಅಥವಾ ಸರಪಳಿ ತೂರುವ ಕುಣಿಕೆಯ ಹತ್ತಿರ ಸವೆತ ಇರಬೇಕು. ಹತ್ತಾರು ವರ್ಷ ತೊಟ್ಟ ಚೀಲದಲ್ಲಿ ಆ ಜಾಗ ನುಣುಪಾಗಿ, ಬಣ್ಣ ಗಾಢವಾಗಿ, ಸ್ವಲ್ಪ ಎಳೆದುಕೊಂಡ ಹಾಗಿರುತ್ತದೆ. ಇಡೀ ಹಿಂಭಾಗ ಒಂದೇ ಸಮ ಕಂದಾಗಿದ್ದರೆ ಅದು ಸವೆತವಲ್ಲ, ಬಳಿದ ಬಣ್ಣ. ಹೊಲಿಗೆ ನೋಡಿ: ಕೈಹೊಲಿಗೆಯಲ್ಲಿ ಒಂದೊಂದು ಹೊಲಿಗೆಯೂ ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇರುತ್ತದೆ. ಒಳಗೆ ಜಿಪ್ ಇದ್ದರೆ 19ನೇ ಶತಮಾನದ ಮಾತೇ ಬೇಡ. ಚರ್ಮದ ಮೇಲೆ ಒತ್ತಿದ ತಯಾರಕರ ಮುದ್ರೆಯನ್ನು ಟಾರ್ಚ್ ಓರೆಯಾಗಿ ಹಿಡಿದು ಹುಡುಕಿ, ನೇರ ಬೆಳಕಿನಲ್ಲಿ ಕಾಣದೇ ಇದ್ದದ್ದು ಓರೆ ಬೆಳಕಿನಲ್ಲಿ ಎದ್ದು ಬರುತ್ತದೆ. ಗ್ಲಾಸ್ಗೋದ ಆರ್. ಜಿ. ಲಾರಿ, ಬ್ಯಾಂಕ್‌ಫುಟ್‌ನ ನಿಕೋಲ್ ಬ್ರದರ್ಸ್, ಎಡಿನ್‌ಬರೋದ ಡಬ್ಲ್ಯು. ಇ. ಸ್ಕಾಟ್ ಮತ್ತು ಸನ್, ಇಂಥ ಹೆಸರು ಸಿಕ್ಕರೆ ಖುಷಿಪಡಿ. ಹೆಸರಿಲ್ಲ ಅಂತ ಒಳ್ಳೆ ಕೆಲಸದ ಚೀಲವನ್ನು ಬಿಟ್ಟುಬಿಡಲೂಬೇಡಿ.

ಕ್ಯಾಂಟಲ್ ವಿಷಯದಲ್ಲಿ ಜನ ಜಾಸ್ತಿ ಮೋಸಹೋಗುತ್ತಾರೆ. ಬೆಳ್ಳಿಯ ಹಾಗೆ ಹೊಳೆಯುವುದೆಲ್ಲ ಬೆಳ್ಳಿಯಲ್ಲ: ನಿಕಲ್ ಸಿಲ್ವರ್ ಅನ್ನುವ ಲೋಹದಲ್ಲಿ ಬೆಳ್ಳಿಯೇ ಇರುವುದಿಲ್ಲ, ಇನ್ನು ಕೆಲವು ಕ್ರೋಮ್ ಲೇಪ ಅಥವಾ ಬೆಳ್ಳಿ ಲೇಪದವು. ಲೇಪ ಸವೆದಿದ್ದರೆ ಉಬ್ಬಿದ ಅಂಚುಗಳಲ್ಲಿ ಹಳದಿ ಅಥವಾ ಕೆಂಪು ಇಣುಕುತ್ತದೆ. ಅಪ್ಪಟ ಬೆಳ್ಳಿಯಾದರೆ ಹಾಲ್‌ಮಾರ್ಕ್ ಹುಡುಕಿ, ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಬೇಕು. ಬೆಳ್ಳಿ ಪರೀಕ್ಷಿಸಿ ಮುದ್ರೆ ಒತ್ತುವ ಒಂದೊಂದು ಊರಿನ ಕಚೇರಿಗೂ ಒಂದೊಂದು ಗುರುತು. ಎಡಿನ್‌ಬರೋ ಗುರುತು ಮೂರು ಗೋಪುರದ ಕೋಟೆ. ಅದರ ಪಕ್ಕ ಥಿಸಲ್ ಅನ್ನುವ ಮುಳ್ಳುಗಿಡದ ಹೂವು ಇದ್ದರೆ 1759ರಿಂದ 1974ರ ಒಳಗಿನದು, ಹಿಂಗಾಲ ಮೇಲೆ ನಿಂತ ಸಿಂಹ ಇದ್ದರೆ 1975ರಿಂದ ಈಚೆಗಿನದು. ಸುಂಕ ಕಟ್ಟಿದ್ದಕ್ಕೆ ಒತ್ತುತ್ತಿದ್ದ ರಾಜ ಅಥವಾ ರಾಣಿಯ ತಲೆಯ ಮುದ್ರೆ 1890ರಲ್ಲಿ ನಿಂತುಹೋಯಿತು. ಗ್ಲಾಸ್ಗೋದ ಗುರುತು ಮರ, ಹಕ್ಕಿ, ಗಂಟೆ, ಮೀನು ಎಲ್ಲ ಒಟ್ಟಿಗೆ ಇರುವಂಥದ್ದು, ಆ ಕಚೇರಿ 1964ರಲ್ಲಿ ಮುಚ್ಚಿತು. ಲಂಗರು ಕಂಡರೆ ಬರ್ಮಿಂಗ್‌ಹ್ಯಾಮ್, ಅದರಲ್ಲೇನೂ ತಪ್ಪಿಲ್ಲ. ಒಂದು ಎಚ್ಚರ: ಕ್ಯಾಂಟಲ್ ಮುಂದೆ ಅಲಂಕಾರಕ್ಕೆ ಕೆತ್ತಿದ ಥಿಸಲ್ ಹೂವನ್ನು ಹಾಲ್‌ಮಾರ್ಕ್ ಅಂದುಕೊಳ್ಳಬೇಡಿ. ಹಾಲ್‌ಮಾರ್ಕ್ ಅಕ್ಕಿಕಾಳಿಗಿಂತ ಚಿಕ್ಕದು, ಪುಟ್ಟ ಚೌಕಟ್ಟಿನೊಳಗೆ ಒತ್ತಿರುತ್ತದೆ, ಸಾಲಾಗಿ ಒಂದಕ್ಕಿಂತ ಜಾಸ್ತಿ ಇರುತ್ತವೆ.

ಹಾಗೇ ಕ್ಯಾಂಟಲ್ ಒಂದು ಕಾಲದ್ದು, ಚೀಲ ಇನ್ನೊಂದು ಕಾಲದ್ದು ಆಗಿರುವುದೂ ಉಂಟು. ತುಪ್ಪಳ ಹಾಳಾದಾಗ ಹಳೆ ಬೆಳ್ಳಿಯನ್ನು ಹೊಸ ಚೀಲಕ್ಕೆ ಕೂರಿಸುತ್ತಿದ್ದರು, ಅದರಲ್ಲಿ ತಪ್ಪೇನಿಲ್ಲ, ಆದರೆ ಅದನ್ನು ಹೇಳಿ ಮಾರಬೇಕು. ಉಪಯೋಗಕ್ಕೆ ಬಾರದ ಹಳೆಯ ತೂತುಗಳು, ಚೀಲದ ಬಾಗಿಗೂ ಲೋಹದ ಬಾಗಿಗೂ ಹೊಂದದೇ ಉಳಿದ ಸಂದು, ಇವೆರಡು ಕಂಡರೆ ಕೇಳಿಬಿಡಿ.

ತುಪ್ಪಳ ಯಾವುದು ಅಂತ ಕೈಯಲ್ಲಿ ಸವರಿ ಗೊತ್ತುಮಾಡಬಹುದು. ಸೀಲ್ ಪ್ರಾಣಿಯದು ಗಿಡ್ಡ, ಬಿರುಸು, ಒಂದೇ ದಿಕ್ಕಿಗೆ ಒತ್ತಾಗಿ ಮಲಗಿರುತ್ತದೆ. ಮೊಲದ್ದು ಮೆತ್ತಗೆ, ಸುಮ್ನೆ ಕೈಯಾಡಿಸಿದರೂ ಉದುರುತ್ತದೆ, ಅಗ್ಗದ ಚೀಲಗಳಲ್ಲಿ ಇದೇ ಜಾಸ್ತಿ. ಮೇಕೆ ಕೂದಲು ರೇಷ್ಮೆಯ ಹಾಗೆ, ಕುದುರೆಯದು ದಪ್ಪ ಮತ್ತು ನೆಟ್ಟಗೆ. ಬ್ಯಾಡ್ಜರ್ (ಬಿಲ ತೋಡುವ, ಮುಖದಲ್ಲಿ ಪಟ್ಟೆಯಿರುವ ಪ್ರಾಣಿ), ನರಿ, ನೀರುನಾಯಿಯ ಮುಖವನ್ನೇ ಮುಚ್ಚಳ ಮಾಡಿದವೂ ಇವೆ. ಇಂಥ ಹಳೆಯವನ್ನು ಹದ ಮಾಡುವಾಗ ಆರ್ಸೆನಿಕ್ ವಿಷ ಹಾಕಿರುವ ಸಾಧ್ಯತೆ ಇದೆ, ಕೈಗವಸು ಇಲ್ಲದೆ ಮುಟ್ಟಬೇಡಿ, ಮಕ್ಕಳ ಕೈಗೆ ಕೊಡಲೇಬೇಡಿ.

ಬ್ರಿಟಿಷ್ ಸೈನ್ಯದ ಸ್ಕಾಟಿಷ್ ಪಡೆಗಳ ಸ್ಪೋರನ್‌ಗಳದ್ದು ಬೇರೆಯೇ ಲೋಕ, ನನಗೆ ತುಂಬ ಇಷ್ಟದ್ದು. ಇಲ್ಲಿ ಕುಚ್ಚು ಎಣಿಸಬೇಕು. ಸಾಮಾನ್ಯ ಸಿಪಾಯಿಗಳದ್ದು ಹೀಗೆ: ಬಿಳಿ ಕೂದಲ ಮೇಲೆ ಐದು ಕಪ್ಪು ಕುಚ್ಚು ಇದ್ದರೆ ಬ್ಲ್ಯಾಕ್ ವಾಚ್ ಪಡೆಯದ್ದು. ಕಪ್ಪು ಕೂದಲ ಮೇಲೆ ಎರಡು ಉದ್ದ ಬಿಳಿ ಕುಚ್ಚು ಇದ್ದರೆ ಕ್ಯಾಮೆರಾನ್ ಹೈಲ್ಯಾಂಡರ್ಸ್. ಬಿಳಿಯ ಮೇಲೆ ಎರಡು ಉದ್ದ ಕಪ್ಪು ಕುಚ್ಚು ಗಾರ್ಡನ್ ಪಡೆಯದ್ದೂ ಆಗಬಹುದು, ಸೀಫೋರ್ತ್ ಪಡೆಯದ್ದೂ ಆಗಬಹುದು, ಆಗ ಕ್ಯಾಂಟಲ್ ಮೇಲಿನ ಲಾಂಛನ ನೋಡಿ ತೀರ್ಮಾನಿಸಬೇಕು. ಆರ್ಗೈಲ್ ಮತ್ತು ಸದರ್‌ಲ್ಯಾಂಡ್ ಪಡೆಯದ್ದಕ್ಕೆ ಆರು ಗಿಡ್ಡ ಕುಚ್ಚು, ನಡೆದಾಗ ಆರೂ ಕುಣಿಯುವುದರಿಂದ ‘ಸ್ವಿಂಗಿಂಗ್ ಸಿಕ್ಸ್’ ಅಂತಲೇ ಹೆಸರು. ಅದೇ ಪಡೆಯ ಅಧಿಕಾರಿಗಳು ಮತ್ತು ಸಾರ್ಜೆಂಟ್‌ಗಳದ್ದು ಬ್ಯಾಡ್ಜರ್ ತಲೆಯದು. ಆ ಪಡೆ ಹುಟ್ಟಿದ್ದು 1881ರಲ್ಲಿ, ಹಾಗಾಗಿ ಅದರ ಲಾಂಛನ ಇರುವ ಚೀಲ ಅದಕ್ಕಿಂತ ಹಳೆಯದಾಗಲು ಸಾಧ್ಯವಿಲ್ಲ, ಅಲ್ವಾ? ಹಿಂಭಾಗದ ಚರ್ಮದಲ್ಲಿ ಬಾಣದ ಮೊನೆಯಂಥ ಗುರುತು ಇದ್ದರೆ ಅದು ಬ್ರಿಟಿಷ್ ಸರ್ಕಾರದ ಆಸ್ತಿಯ ಮುದ್ರೆ. ಪಕ್ಕದಲ್ಲಿ ವರ್ಷ, ಸಂಖ್ಯೆ ಇದ್ದರೆ ಅದರ ಫೋಟೋ ತೆಗೆದಿಟ್ಟುಕೊಳ್ಳಿ.

ಎಲ್ಲಿ ಹುಡುಕುವುದು? ಸ್ಕಾಟ್ಲೆಂಡಿಗೆ ಹೋಗುವ ಅವಕಾಶ ಸಿಕ್ಕರೆ ಎಡಿನ್‌ಬರೋದ ಗ್ರಾಸ್‌ಮಾರ್ಕೆಟ್ ಸುತ್ತಿನ ಹಳೆ ಬಟ್ಟೆ ಅಂಗಡಿಗಳು, ಗ್ಲಾಸ್ಗೋದಲ್ಲಿ ವಾರಾಂತ್ಯಕ್ಕೆ ಸೇರುವ ಬ್ಯಾರಸ್ ಸಂತೆ, ದಾನವಾಗಿ ಬಂದ ವಸ್ತುಗಳನ್ನು ಮಾರುವ ಊರೂರಿನ ಚಾರಿಟಿ ಅಂಗಡಿಗಳು. ಒಳ್ಳೆಯ ತುಣುಕುಗಳಿಗೆ ಲಯನ್ ಅಂಡ್ ಟರ್ನ್‌ಬುಲ್‌ನಂಥ ಹರಾಜು ಸಂಸ್ಥೆಗಳು, ಅಲ್ಲಿ ಕೂಗಿದ ಬೆಲೆಯ ಮೇಲೆ ಕೊಳ್ಳುವವರ ಕಮಿಷನ್ ಬೇರೆ ಬೀಳುತ್ತದೆ ಅನ್ನುವುದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ಆನ್‌ಲೈನ್‌ನಲ್ಲಿ ಹುಡುಕುವಾಗ ತಪ್ಪು ಸ್ಪೆಲ್ಲಿಂಗ್ ಹಾಕಿಯೂ ಹುಡುಕಿ. sporran ಅನ್ನುವ ಪದದಲ್ಲಿ ಎರಡು ‘ಆರ್’ ಬದಲು ಒಂದೇ, ‘ಎ’ ಜಾಗದಲ್ಲಿ ‘ಇ’. ಅಜ್ಜನ ಪೆಟ್ಟಿಗೆ ಖಾಲಿ ಮಾಡುವವರಿಗೆ ಆ ಪದ ಸರಿಯಾಗಿ ಬರೆಯಲು ಬಾರದು, ‘ಕಿಲ್ಟ್ ಪರ್ಸ್’ ಅಂತ ಹಾಕಿರುವುದೂ ಇದೆ, ಅಂಥ ಕಡೆ ಪೈಪೋಟಿ ಕಡಿಮೆ.

ಕಾನೂನನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನೀರುನಾಯಿ, ಅಳಿವಿನ ಅಂಚಿನ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಸೈಟೀಸ್ ಒಪ್ಪಂದದ ಅತಿ ಬಿಗಿಯಾದ ಪಟ್ಟಿಯಲ್ಲಿದೆ. ಬ್ರಿಟನ್ನಿನಲ್ಲಿ ಅದರ ಮಾರಾಟಕ್ಕೆ ಪ್ರಮಾಣಪತ್ರ ಬೇಕು, 1947ರ ಮಾರ್ಚ್ 3ಕ್ಕಿಂತ ಮುಂಚೆ ತಯಾರಾದ ವಸ್ತುಗಳಿಗೆ ಮಾತ್ರ ವಿನಾಯಿತಿ ಸಿಗುತ್ತದೆ. ಬ್ಯಾಡ್ಜರ್‌ಗೆ 1992ರ ಪ್ರತ್ಯೇಕ ರಕ್ಷಣಾ ಕಾಯ್ದೆ ಇದೆ. ಸೀಲ್ ಚರ್ಮ ಅಮೆರಿಕದ ಗಡಿಯಲ್ಲಿ 1972ರ ಕಡಲ ಸಸ್ತನಿ ರಕ್ಷಣಾ ಕಾಯ್ದೆಗೆ ಸಿಕ್ಕಿಬೀಳುತ್ತದೆ. ಆದ್ದರಿಂದ ಯಾವ ಪ್ರಾಣಿ, ಎಷ್ಟು ಹಳೆಯದು ಅನ್ನುವುದನ್ನು ಮಾರುವವರಿಂದ ಬರಹದಲ್ಲಿ ಪಡೆಯಿರಿ, ನಿಮ್ಮ ದೇಶದ ಕಸ್ಟಮ್ಸ್ ನಿಯಮವನ್ನು ದುಡ್ಡು ಕಟ್ಟುವ ಮುಂಚೆ ನೋಡಿ. ಬರಹ ಕೊಡಲು ಹಿಂಜರಿಯುವವರ ಹತ್ತಿರ ನಾನಂತೂ ಕೊಳ್ಳುವುದಿಲ್ಲ.

ಮನೆಗೆ ಬಂದ ತಕ್ಷಣ ಬೇರೆ ಚೀಲಗಳ ಜೊತೆ ಇಡಬೇಡಿ. ಬಿಳಿ ಕಾಗದದ ಮೇಲೆ ಹಿಡಿದು ಮೆಲ್ಲಗೆ ತಟ್ಟಿ. ಕಂದು ಬಣ್ಣದ, ರೋಮದ ಪುಟ್ಟ ಪೊರೆಗಳು ಉದುರಿದರೆ ಹುಳು ಇದೆ ಅಂತ ಅರ್ಥ. ಕೆಂಪು ಪುಡಿ ಉದುರಿದರೆ ಚರ್ಮವೇ ಕೊಳೆಯುತ್ತಿದೆ, ಅದಕ್ಕೆ ಎಣ್ಣೆ ಹಚ್ಚಿ ಇನ್ನಷ್ಟು ಕೆಡಿಸಬೇಡಿ, ತಿಳಿದವರಿಗೆ ತೋರಿಸಿ. ಹುಳುವಿಗಾದರೆ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ, ಮೈನಸ್ 18 ಡಿಗ್ರಿ ಇರುವ ಫ್ರೀಜರ್‌ನಲ್ಲಿ ಎರಡು ವಾರ ಇಡಿ. ಹೊರಗೆ ತೆಗೆದ ಮೇಲೆ ಒಂದು ದಿನ ಪ್ಲಾಸ್ಟಿಕ್ ಚೀಲ ಬಿಚ್ಚದೆ ಹಾಗೇ ಬಿಡಿ, ಇಲ್ಲದಿದ್ದರೆ ತಣ್ಣಗಿನ ಚರ್ಮದ ಮೇಲೆ ನೀರು ಕೂರುತ್ತದೆ. ಆಮೇಲೆ ಕೂದಲನ್ನು ಅಗಲ ಹಲ್ಲಿನ ಬಾಚಣಿಗೆಯಲ್ಲಿ ತುದಿಯಿಂದ ಶುರುಮಾಡಿ ಮೇಲಕ್ಕೆ ಸ್ವಲ್ಪ ಸ್ವಲ್ಪವೇ ಬಿಡಿಸುತ್ತ ಹೋಗಿ, ಬಿಸಿಲು ಬೀಳದ ಕಡೆ ತೂಗುಹಾಕಿ.