ಚಿಲಕ ಯಾವ ಕಡೆ ಇತ್ತು?

ಸೋಮವಾರಪೇಟೆ ಕಡೆಯ ನಮ್ಮ ಊರಲ್ಲಿ ಜುಲೈ ಬಂತೆಂದರೆ ಬಿಡದ ಮಳೆ, ಕರೆಂಟ್ ಇಲ್ಲದ ಸಂಜೆಗಳು. ಅಂಥ ಒಂದು ಸಂಜೆ ಚಿಕ್ಕಮ್ಮನ ಮಗಳು ನನ್ನ ಫೋನಿನಲ್ಲಿ ನಾನು ಬರೆದ ಕಥೆ ಓದುತ್ತಾ ಕೂತಿದ್ದಳು. ಟಿವಿ ಧಾರಾವಾಹಿಯೊಂದರ ಜೋಡಿಯನ್ನು ಇಟ್ಟುಕೊಂಡು ಬರೆದ ಫ್ಯಾನ್ ಫಿಕ್ಷನ್. ಬಲವಂತದ ಮದುವೆ, ಮುಂಗೋಪದ ಗಂಡ, ನಿಧಾನವಾಗಿ ಹುಟ್ಟುವ ಪ್ರೀತಿ. ಏಳನೇ ಕಂತಿನಲ್ಲಿ ಅವನು ಅವಳ ಕೈ ಹಿಡಿದು ಎಳೆಯುತ್ತಾನೆ. ಅವಳು ತಲೆ ತಗ್ಗಿಸುತ್ತಾಳೆ. ದೀಪ ಆರುತ್ತದೆ. ನನಗೆ ಅದು ತುಂಬ ಇಷ್ಟದ ಕಂತು.

ಓದಿ ಮುಗಿಸಿ ಅವಳು ಕೇಳಿದಳು: “ಅಕ್ಕಾ, ಇವಳು ಒಪ್ಪಿದ್ಳಾ?”

“ಸುಮ್ನಿದ್ದಾಳಲ್ವಾ?” ಅಂದೆ.

“ಬೇಡ ಅಂದಿದ್ರೆ ಏನಾಗ್ತಿತ್ತು?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಕಥೆಯ ಹುಡುಗಿಯ ಅಪ್ಪನ ತೋಟದ ಸಾಲವನ್ನು ತೀರಿಸಿದವನು ಅದೇ ಗಂಡ ಎಂದು ಮೂರನೇ ಕಂತಿನಲ್ಲಿ ನಾನೇ ಬರೆದಿದ್ದೆ. ಅವಳು ಬೇಡ ಅಂದಿದ್ದರೆ ಅಪ್ಪನ ತೋಟ ಹೋಗುತ್ತಿತ್ತು. ಇದು ಓದಿದವಳಿಗೆ ಕಂಡಿತು, ಬರೆದ ನನಗೆ ಕಂಡಿರಲಿಲ್ಲ.

‘ಮೌನಂ ಸಮ್ಮತಿ ಲಕ್ಷಣಂ’ ಎನ್ನುವ ಮಾತು ಕೇಳಿಕೊಂಡೇ ಬೆಳೆದವರು ನಾವು. ಹೆಣ್ಣು ನೋಡಲು ಬಂದಾಗ ಹುಡುಗಿ ಮಾತಾಡದಿದ್ದರೆ ಒಪ್ಪಿದಳು ಅಂತಲೇ ಲೆಕ್ಕ. ಕಥೆಗಳಲ್ಲೂ ಅಷ್ಟೇ, ತಲೆ ತಗ್ಗಿಸಿದರೆ ಸಾಕು. ಆದರೆ ನಾಚಿಕೆಗೂ ತಲೆ ತಗ್ಗುತ್ತದೆ, ಭಯಕ್ಕೂ ತಗ್ಗುತ್ತದೆ. ನಾನು ಬರೆದ ವಾಕ್ಯದಲ್ಲಿ ಎರಡಕ್ಕೂ ವ್ಯತ್ಯಾಸವೇ ಇರಲಿಲ್ಲ. 2013ರಲ್ಲಿ ಅತ್ಯಾಚಾರದ ಕಾನೂನಿಗೆ ತಿದ್ದುಪಡಿ ಬಂದಾಗ ಒಪ್ಪಿಗೆ ಎಂದರೆ ಏನು ಅಂತ ಬಿಡಿಸಿ ಬರೆದರು. ಮಾತಿನಿಂದಲೋ ಸನ್ನೆಯಿಂದಲೋ, ಅನುಮಾನಕ್ಕೆ ಎಡೆಯಿಲ್ಲದ ಹಾಗೆ, ತನ್ನ ಇಷ್ಟದಿಂದ ತಿಳಿಸಬೇಕು. ತಡೆಯಲು ಕೈಕಾಲು ಆಡಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಒಪ್ಪಿದಳು ಎನ್ನುವಂತಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 63ನೇ ಸೆಕ್ಷನ್‌ನಲ್ಲೂ ಇದೇ ಇದೆ. ಹೆಂಡತಿಗೆ 18 ತುಂಬಿದ್ದರೆ ಗಂಡನಿಗೆ ವಿನಾಯಿತಿ ಎನ್ನುವುದೂ ಅಲ್ಲೇ ಉಳಿದಿದೆ. ಬಲವಂತದ ಮದುವೆಯ ಕಥೆ ಬರೆಯುವ ನಮ್ಮಂಥವರು ಇದನ್ನು ತಿಳಿದಿರಬೇಕು. ಕಾನೂನು ಕಣ್ಣು ಮುಚ್ಚುವ ಕೋಣೆಯೊಳಗೇ ನಮ್ಮ ಕಥೆ ನಡೆಯುತ್ತದೆ.

ಇಂಥ ಕಥೆಗೆ ಫ್ಯಾನ್ ಫಿಕ್ಷನ್ ಬರೆಯುವವರ ನಡುವೆ ಮೊದಲೇ ಹೆಸರಿತ್ತು. ಒಪ್ಪಿಗೆ ಇಲ್ಲವೇ ಇಲ್ಲ ಅಂದರೆ ‘ನಾನ್‌ಕಾನ್’. ಒಪ್ಪಿದ ಹಾಗೆ ಕಂಡರೂ ಸಾಲ, ಕುಡಿತ, ಹೆದರಿಕೆ, ಅಧಿಕಾರ ಇಂಥದ್ದು ನಡುವೆ ಇದ್ದರೆ ‘ಡಬ್‌ಕಾನ್’. ಈ ಎರಡನೇ ಪದದಿಂದ ನನಗೆ ಬಹಳ ಉಪಯೋಗವಾಯಿತು. ಅತ್ಯಾಚಾರ ಅಂತ ಒಪ್ಪಿಕೊಳ್ಳಲು ಓದುಗರಿಗೆ ಮನಸ್ಸು ಬಾರದ, ಪ್ರೀತಿ ಎನ್ನಲು ನನಗೆ ಬಾಯಿ ಬಾರದ ಜಾಗಕ್ಕೆ ಒಂದು ಹೆಸರು ಸಿಕ್ಕಿತು.

ಏಳನೇ ಕಂತನ್ನು ಮತ್ತೆ ಬರೆಯಲು ಕೂತೆ. ಮೊದಲು “ನಿಂಗೆ ಇಷ್ಟನಾ?” ಅಂತ ಅವನ ಬಾಯಲ್ಲಿ ಒಂದು ಮಾತು ಸೇರಿಸಿ ನೋಡಿದೆ. ಅವಳು “ಹೂಂ” ಅಂದಳು. ಆದರೂ ಸುಳ್ಳು ಅನ್ನಿಸಿತು. ಸಾಲದ ಪತ್ರ ಅವನ ಬೀರುವಿನಲ್ಲೇ ಇತ್ತಲ್ವಾ? ಕೊನೆಗೆ ಕೋಣೆಯ ಬಾಗಿಲಿನಿಂದ ಶುರು ಮಾಡಿದೆ. ಚಿಲಕ ಯಾವ ಕಡೆ ಇದೆ? ಹೊರಗಿನಿಂದ ಹಾಕುವ ಹಾಗಿದ್ದರೆ ಅವಳ ‘ಹೂಂ’ಗೆ ಬೆಲೆಯಿಲ್ಲ. ಹಾಗಾಗಿ ಅವಳಿಗೆ ಬೇರೆ ಕೋಣೆ ಕೊಟ್ಟೆ, ಒಳಗಡೆ ಚಿಲಕ ಇರುವ ಕೋಣೆ. ಸಾಲದ ಪತ್ರ ಅವಳ ಅಪ್ಪನ ಕೈಗೆ ವಾಪಸ್ ಹೋಯಿತು. ಕೆಲಸ ಹುಡುಕಿಕೊಂಡು ಅವಳು ದಿನಾ ಕುಶಾಲನಗರಕ್ಕೆ ಬಸ್ಸಿನಲ್ಲಿ ಹೋಗಿಬಂದಳು. ಇಷ್ಟೆಲ್ಲ ಆದಮೇಲೆ, ಹದಿನಾರನೇ ಕಂತಿನಲ್ಲಿ, ಆ ಚಿಲಕವನ್ನು ಅವಳೇ ತೆಗೆದಳು. ಅವನು ಬಾಗಿಲಲ್ಲೇ ನಿಂತ. ಒಳಗೆ ಬಾ ಅಂತ ಅವಳು ಹೇಳಬೇಕಾಯಿತು. ನಾನು ಬರೆದ ಅಷ್ಟೂ ಪ್ರೀತಿಯ ದೃಶ್ಯಗಳಲ್ಲಿ ಮೈ ಜುಂ ಅನ್ನುವುದು ಇದೊಂದೇ. ಕೇಳಿ ಮಾಡಿದರೆ ರಸ ಹೋಗುತ್ತದೆ ಎನ್ನುವವರಿಗೆ ನಾನು ಈ ಕಂತನ್ನೇ ತೋರಿಸುತ್ತೇನೆ.

ಎರಡನೇ ಕಥೆ ಇನ್ನೂ ಕಷ್ಟದ್ದು. ಅದರ ನಾಯಕಿಯ ಮೇಲೆ ಅತ್ಯಾಚಾರ ನಡೆದಿದೆ. ಮೊದಲ ತೊಡಕು ಪದದ್ದೇ. ನಮ್ಮಲ್ಲಿ ‘ಮಾನಭಂಗ’ ಅನ್ನುತ್ತಾರೆ, ‘ಶೀಲ ಹೋಯಿತು’ ಅನ್ನುತ್ತಾರೆ, ‘ಕೆಟ್ಟುಹೋದಳು’ ಅನ್ನುತ್ತಾರೆ. ಎಲ್ಲದರಲ್ಲೂ ಏನನ್ನೋ ಕಳೆದುಕೊಂಡವಳು ಅವಳು. ಮಾಡಿದವನು ವಾಕ್ಯದಲ್ಲೇ ಇಲ್ಲ. ಆ ಪದಗಳನ್ನು ನಾನು ಬಿಟ್ಟೆ. ಕಥೆಯಲ್ಲಿ ಯಾರಾದರೂ ಹಾಗೆ ಮಾತಾಡಿದರೆ ಅದು ಆ ಪಾತ್ರದ ಮಾತು, ನಿರೂಪಣೆಯದ್ದಲ್ಲ. ‘ಅತ್ಯಾಚಾರವಾಯಿತು’ ಎನ್ನುವುದನ್ನೂ ‘ಅವನು ಅತ್ಯಾಚಾರ ಮಾಡಿದ’ ಅಂತ ತಿದ್ದಿದೆ. ತಿದ್ದುವಾಗ ಕೈ ತಡೆಯಿತು. ಅಷ್ಟು ನೇರವಾಗಿ ಹೇಳುವ ಅಭ್ಯಾಸ ನನಗೂ ಇರಲಿಲ್ಲ.

ಆ ಘಟನೆಯನ್ನು ನಾನು ಬರೆಯಲಿಲ್ಲ. ಮರುದಿನ ಬೆಳಿಗ್ಗೆಯಿಂದ ಬರೆದೆ. ಬಚ್ಚಲ ಒಲೆಗೆ ಬೆಂಕಿ ಹಾಕಿದ್ದಾಳೆ, ಹಂಡೆಯ ನೀರು ಕುದಿಯುತ್ತಿದೆ, ಆದರೆ ಬಾಗಿಲು ಹಾಕಿಕೊಂಡು ಒಳಗೆ ನಿಲ್ಲಲು ಅವಳಿಂದ ಆಗುತ್ತಿಲ್ಲ. ಇದು ಸರಿಯಾಗಿ ಬಂತು. ಎಡವಿದ್ದು ಆಮೇಲೆ. ನೋವು, ಸಾಂತ್ವನ ಇರುವ ಕಥೆ ಬರೆಯುವವರಿಗೆ ಬೇಗ ಸಮಾಧಾನ ಮಾಡುವ ಆಸೆ. ಎರಡೇ ಕಂತಿನಲ್ಲಿ ನಾಯಕನ ಪ್ರೀತಿಯಿಂದ ಅವಳು ಗುಣವಾಗಿಬಿಟ್ಟಳು. ಅವನು ಹೋಗಿ ಅಪರಾಧಿಯನ್ನು ಹೊಡೆದೂ ಬಂದ. ಓದಿನೋಡಿದರೆ ಇಡೀ ಕಥೆ ಅವನದಾಗಿತ್ತು. ಅವಳ ನೋವು ಅವನ ಸಿಟ್ಟಿಗೆ ಸೌದೆ. ಅದನ್ನೆಲ್ಲ ತೆಗೆದು ಕಥೆಯನ್ನು ತೋಟದ ಕಾಲಕ್ಕೆ ಕಟ್ಟಿದೆ. ಮಾರ್ಚ್‌ನ ಹೂಮಳೆಗೆ ಶುರುವಾಗಿ, ಮಳೆಗಾಲ ದಾಟಿ, ಜನವರಿಯ ಕಾಫಿ ಕುಯ್ಲಿನವರೆಗೆ. ಕೆಲವು ತಿಂಗಳು ಅವಳು ಚೆನ್ನಾಗಿರುತ್ತಾಳೆ. ಆಮೇಲೆ ಒಂದು ದಿನ ಯಾರೋ ಹಿಂದಿನಿಂದ ಭುಜ ಮುಟ್ಟುತ್ತಾರೆ, ಮತ್ತೆ ಮೊದಲಿಗೇ ಬರುತ್ತಾಳೆ.

ಊರಿನ ಯಾವ ನಿಜ ಘಟನೆಯನ್ನೂ ನಾನು ಮುಟ್ಟುವುದಿಲ್ಲ. ಕೊಡಗು ಚಿಕ್ಕದು. ಹೆಸರು ಬದಲಿಸಿದರೂ ‘ತಿರುವು ದಾಟಿದರೆ ಸಿಗುವ ತೋಟ’ ಅಂದರೆ ಯಾರ ಮನೆ ಅಂತ ಜನಕ್ಕೆ ಗೊತ್ತಾಗುತ್ತದೆ. ಸಂತ್ರಸ್ತೆಯ ಗುರುತು ಹೊರಗೆ ಹಾಕುವುದು ಅಪರಾಧವೂ ಹೌದು.

ಕಥೆಯಲ್ಲಿ ಏನಿದೆ ಅಂತ ಮೊದಲೇ ತಿಳಿಸುವ ಎಚ್ಚರಿಕೆಯ ಟ್ಯಾಗ್ ಬಗ್ಗೆ ಫ್ಯಾನ್ ಫಿಕ್ಷನ್ ಬರೆಯುವ ನಮ್ಮಲ್ಲಿ ಜಗಳ ಜಾಸ್ತಿ. 2009ರಲ್ಲಿ ತೆರೆದ ‘ಆರ್ಕೈವ್ ಆಫ್ ಅವರ್ ಓನ್’ ಎಂಬ ಫ್ಯಾನ್ ಫಿಕ್ಷನ್ ಜಾಲತಾಣದಲ್ಲಿ ಅತ್ಯಾಚಾರ ಎನ್ನುವುದು ಮುಖ್ಯ ಎಚ್ಚರಿಕೆಗಳಲ್ಲಿ ಒಂದು. ಹಾಕಲು ಇಷ್ಟವಿಲ್ಲದ ಲೇಖಕರು ‘ಎಚ್ಚರಿಕೆ ಬಳಸುತ್ತಿಲ್ಲ’ ಎಂದು ಆರಿಸಬಹುದು, ಅಲ್ಲಿಗೆ ಓದುವವರ ಹೊಣೆ ಓದುವವರದು. ಕತ್ತಲ ಕಥೆ ಬರೆಯುವವರನ್ನು ನಾನು ದೂರುವುದಿಲ್ಲ. ತನಗೆ ಆದದ್ದನ್ನು ಈ ಸಲವಾದರೂ ತನ್ನ ಹಿಡಿತದಲ್ಲಿ ಇಟ್ಟುಕೊಳ್ಳಲು ಬರೆಯುವವರೂ ಇದ್ದಾರೆ. ಆದರೆ ಬಾಗಿಲ ಮೇಲೆ ಸರಿಯಾದ ಹೆಸರು ಇರಲಿ. ನಾನು ಕಂತಿನ ತಲೆಯಲ್ಲಿ ಎರಡು ಸಾಲು ಬರೆಯುತ್ತೇನೆ: ಇದರಲ್ಲಿ ಏನಿದೆ, ಯಾವ ಭಾಗ ಬಿಟ್ಟು ಓದಿದರೂ ಕಥೆ ತಿಳಿಯುತ್ತದೆ. ಕುತೂಹಲ ಹೋಗುತ್ತದೆ ಅಂದವರಿದ್ದಾರೆ. ಹೋದರೆ ಹೋಗಲಿ.

ಹಳೆಯ ಏಳನೇ ಕಂತನ್ನು ಅಳಿಸಬೇಕು ಅಂದುಕೊಂಡಿದ್ದೆ. “ಬೇಡ ಅಕ್ಕಾ, ಅದ್ರ ಹೆಸರು ಹಾಕಿ ಇಟ್ಬಿಡು” ಅಂದಳು ತಂಗಿ. ಈಗ ಎರಡೂ ಅಕ್ಕಪಕ್ಕ ಇವೆ. ಹಳೆಯದರ ಮೇಲೆ ‘ಒಪ್ಪಿಗೆ ಕೇಳಿಲ್ಲ’ ಎಂದು ಬರೆದಿದ್ದೇನೆ.