ಕೆರಿಬಿಯನ್ ದ್ವೀಪದಲ್ಲಿ ಐದಾರು ವಾರ: ಕರಾವಳಿಯಿಂದ ಹೊರಡುವವರಿಗೆ ಸಿದ್ಧತೆಯ ದಾರಿ

ಕೆರಿಬಿಯನ್ ದ್ವೀಪವೊಂದರಲ್ಲಿ ಐದಾರು ವಾರ ಇದ್ದು ಬರುತ್ತೇವೆ ಎಂದು ಉಡುಪಿಯಲ್ಲಿ ಯಾರಿಗಾದರೂ ಹೇಳಿದರೆ, ‘ಕಡಲು, ತೆಂಗು, ಮೀನು ಇಲ್ಲಿಯೇ ಇರುವಾಗ ಅಷ್ಟು ದೂರ ಏಕೆ?’ ಎಂಬ ಪ್ರಶ್ನೆ ಬರುವುದು ಖಚಿತ. ಪ್ರಶ್ನೆಯಲ್ಲಿ ಹುರುಳಿದೆ. ಕಡಲನ್ನು ನೋಡುವುದಷ್ಟೇ ಉದ್ದೇಶವಾದರೆ ಮಲ್ಪೆಯೋ ಪಣಂಬೂರೋ ಸಾಕು. ಒಂದು ವಾರದ ಮಟ್ಟಿಗೆ ಅಷ್ಟು ದೂರ ಹೋಗಿಬಂದರೆ ದಣಿವಲ್ಲದೆ ಬೇರೇನೂ ದಕ್ಕದು. ಆದರೆ ಒಂದೇ ದ್ವೀಪದಲ್ಲಿ, ಒಂದೇ ಬಾಡಿಗೆ ಮನೆಯಲ್ಲಿ, ಅಲ್ಲಿಯ ಮಾರುಕಟ್ಟೆಯಿಂದ ತರಕಾರಿ ತಂದು ಬೇಯಿಸಿಕೊಂಡು, ಅಲ್ಲಿಯ ಬಸ್ಸಿನಲ್ಲಿ ಓಡಾಡಿಕೊಂಡು ಇರುವುದಾದರೆ ಅದರ ಸ್ವಾರಸ್ಯವೇ ಬೇರೆ. ನಾವು ದಂಪತಿ ನಿವೃತ್ತಿಯ ನಂತರ ಬಾರ್ಬಡೋಸಿಗೆ ಹೀಗೆ ಹೋಗಿಬಂದೆವು. ಆ ಸಿದ್ಧತೆಯಲ್ಲಿ ಕಲಿತದ್ದನ್ನೂ ಎಡವಿದ್ದನ್ನೂ ಸೇರಿಸಿ ಇದನ್ನು ಬರೆಯುತ್ತಿದ್ದೇನೆ.

ದ್ವೀಪಕ್ಕಿಂತ ಮೊದಲು ದಾರಿ

ಎಲ್ಲರೂ ಮೊದಲು ದ್ವೀಪವನ್ನು ಆರಿಸುತ್ತಾರೆ, ಆಮೇಲೆ ಟಿಕೆಟ್ ಹುಡುಕುತ್ತಾರೆ. ಭಾರತದ ಪಾಸ್‌ಪೋರ್ಟ್ ಹಿಡಿದವರು ಈ ಕ್ರಮವನ್ನು ತಿರುಗಿಸಬೇಕು. ಬಾರ್ಬಡೋಸ್, ಗ್ರೆನಡಾ, ಟ್ರಿನಿಡಾಡ್ ಮತ್ತು ಟೊಬೇಗೊ, ಡೊಮಿನಿಕಾ, ಜಮೈಕಾ ಮೊದಲಾದ ದೇಶಗಳು ಪ್ರವಾಸಕ್ಕೆ ಬರುವ ಭಾರತೀಯರಿಂದ ಮುಂಗಡ ವೀಸಾ ಕೇಳುವುದಿಲ್ಲ. ಬಾರ್ಬಡೋಸಿನಲ್ಲಿ 90 ದಿನ, ಡೊಮಿನಿಕಾದಲ್ಲಿ 6 ತಿಂಗಳವರೆಗೆ ಇರಲು ಅವಕಾಶವಿದೆ. ತೊಡಕು ಇರುವುದು ನಡುದಾರಿಯಲ್ಲಿ. ಭಾರತದಿಂದ ಈ ದ್ವೀಪಗಳಿಗೆ ನೇರ ವಿಮಾನವಿಲ್ಲ. ಲಂಡನ್, ಆಮ್‌ಸ್ಟರ್‌ಡ್ಯಾಮ್, ಟೊರಾಂಟೊ, ಮಯಾಮಿ, ನ್ಯೂಯಾರ್ಕ್ ಇವುಗಳಲ್ಲಿ ಒಂದನ್ನು ಹಾಯ್ದೇ ಹೋಗಬೇಕು. ಅಮೆರಿಕದ ಮೂಲಕ ಹೋಗುವವರು ಕೇವಲ ವಿಮಾನ ಬದಲಿಸುವುದಾದರೂ ಅಲ್ಲಿಯ ವೀಸಾ ಇರಲೇಬೇಕು. ಲಂಡನ್ನಿನಲ್ಲಿ ವಿಮಾನ ನಿಲ್ದಾಣದ ಒಳಗೇ ಇದ್ದು ಮುಂದುವರಿಯುವವರಿಗೂ ಬ್ರಿಟನ್ನಿನ ಟ್ರಾನ್ಸಿಟ್ ವೀಸಾ ಬೇಕು. ಅಮೆರಿಕ, ಕೆನಡಾ, ಆಸ್ಟ್ರೇಲಿಯಾ ಅಥವಾ ನ್ಯೂಜಿಲೆಂಡಿನ ಚಾಲ್ತಿ ವೀಸಾ ಇದ್ದವರಿಗೆ ಇದರಿಂದ ವಿನಾಯಿತಿಯಿದೆ.

ಇಲ್ಲಿಯೇ ನಾವು ಎಡವಿದ್ದೆವು. ನಮಗೆ ಮೊದಲು ಟಿಕೆಟ್ ತೆಗೆದುಕೊಟ್ಟ ಏಜೆಂಟರು ಹಣ ಉಳಿಸಲೆಂದು ಮುಂಬಯಿಯಿಂದ ಲಂಡನ್ನಿಗೊಂದು, ಲಂಡನ್ನಿನಿಂದ ಬಾರ್ಬಡೋಸಿನ ರಾಜಧಾನಿ ಬ್ರಿಜ್‌ಟೌನಿಗೆ ಇನ್ನೊಂದು ಎಂದು ಬೇರೆ ಬೇರೆ ಟಿಕೆಟ್ ಮಾಡಿದ್ದರು. ಮೊದಲನೆಯ ವಿಮಾನ ಹೀಥ್ರೂವಿಗೆ ಬರುವುದು, ಎರಡನೆಯದು ಗ್ಯಾಟ್‌ವಿಕ್‌ನಿಂದ ಹೊರಡುವುದು. ಹೀಗಾದರೆ ಪೆಟ್ಟಿಗೆಗಳನ್ನು ಪಡೆದುಕೊಂಡು, ಬ್ರಿಟನ್ನಿನ ಇಮಿಗ್ರೇಷನ್ ದಾಟಿ, ರಸ್ತೆಯಲ್ಲಿ ಮತ್ತೊಂದು ನಿಲ್ದಾಣಕ್ಕೆ ಹೋಗಬೇಕಾಗುತ್ತದೆ. ನಿಲ್ದಾಣದ ಒಳಗಿನ ಟ್ರಾನ್ಸಿಟ್ ವೀಸಾ ಅದಕ್ಕೆ ಸಾಲದು. ಹೊರಡುವ ಎರಡು ತಿಂಗಳ ಮೊದಲೇ ಇದು ನಮ್ಮ ಮಗಳ ಕಣ್ಣಿಗೆ ಬಿದ್ದದ್ದರಿಂದ, ಟಿಕೆಟ್ ರದ್ದುಪಡಿಸಿದ ನಷ್ಟವೊಂದರಲ್ಲಿಯೇ ಪಾರಾದೆವು. ಆದ್ದರಿಂದ ಇಡೀ ಪ್ರಯಾಣ ಒಂದೇ ಪಿಎನ್‌ಆರ್‌ನಲ್ಲಿರಲಿ, ಪೆಟ್ಟಿಗೆಗಳು ಕೊನೆಯ ನಿಲ್ದಾಣದವರೆಗೆ ನೇರವಾಗಿ ಹೋಗುವಂತಿರಲಿ. ವೀಸಾ ಅರ್ಜಿಗೆ ಬೆರಳಚ್ಚು ಕೊಡಲು ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿಬರುವ ಒಂದು ದಿನವನ್ನೂ ಲೆಕ್ಕದಲ್ಲಿಡಬೇಕು. ಟಿಕೆಟಿಗೆ ಹಣ ಕೊಡುವ ಹಿಂದಿನ ದಿನ, ಹೋಗುವ ದೇಶದ್ದೂ ಹಾಯುವ ದೇಶದ್ದೂ ಸರಕಾರಿ ಜಾಲತಾಣಗಳಲ್ಲಿ ನಿಯಮವನ್ನು ಇನ್ನೊಮ್ಮೆ ಓದುವುದು ಒಳ್ಳೆಯದು, ಏಕೆಂದರೆ ಇಂಥ ನಿಯಮಗಳು ಬದಲಾಗುತ್ತಲೇ ಇರುತ್ತವೆ.

ಮಕ್ಕಳು ಅಮೆರಿಕದಲ್ಲಿರುವ ತಂದೆತಾಯಿಯರು ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಗಳಲ್ಲಿ ಬಹಳ ಮಂದಿ. ಅವರ ಬಳಿ ಅಮೆರಿಕದ ವೀಸಾ ಆಗಲೇ ಇರುವುದರಿಂದ ಈ ತೊಡಕಿನ ಬಹುಭಾಗ ಅವರಿಗಿಲ್ಲ.

ಮತ್ತೊಂದು ಎಚ್ಚರಿಕೆ: ಕೆರಿಬಿಯನ್ ಎಂದರೆ ಒಂದೇ ದೇಶವಲ್ಲ. ಮಾರ್ಟಿನೀಕ್ ಮತ್ತು ಗ್ವಾಡಲೂಪ್ ಫ್ರಾನ್ಸಿನ ಭಾಗ, ಪೋರ್ಟೊ ರಿಕೊ ಅಮೆರಿಕದ ಅಧೀನ, ಅರೂಬಾ ಮತ್ತು ಕುರಸಾವ್ ನೆದರ್‌ಲೆಂಡ್ಸ್ ರಾಜ್ಯಕ್ಕೆ ಸೇರಿದವು. ಭೂಪಟದಲ್ಲಿ ಕೂಗಳತೆಯಲ್ಲಿ ಕಾಣುವ ಪಕ್ಕದ ದ್ವೀಪಕ್ಕೆ ದೋಣಿ ಹತ್ತಿದರೂ ಅದಕ್ಕೆ ಬೇರೆ ವೀಸಾ ಬೇಕಾಗಬಹುದು.

ಯಾವ ತಿಂಗಳು, ಯಾವ ದ್ವೀಪ

ನಮ್ಮ ಮಳೆಗಾಲ ತಪ್ಪಿಸಿಕೊಳ್ಳಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿಗೆ ಹೋಗೋಣ ಎಂಬ ಯೋಚನೆ ಸಹಜವಾಗಿ ಹೊಳೆಯುತ್ತದೆ. ಅದನ್ನು ಕೈಬಿಡಬೇಕು. ಅಟ್ಲಾಂಟಿಕ್‌ನ ತೂಫಾನಿನ ಕಾಲ ಜೂನ್ 1ರಿಂದ ನವೆಂಬರ್ 30ರವರೆಗೆ. ಆಗಸ್ಟ್ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಅದರ ಉಬ್ಬರ. 2024ರ ಜೂನ್ 29ರಂದು ಬ್ರಿಜ್‌ಟೌನಿನ ಕೆನ್ಸಿಂಗ್ಟನ್ ಓವಲ್‌ನಲ್ಲಿ ಟಿ20 ವಿಶ್ವಕಪ್ ಗೆದ್ದ ಭಾರತ ತಂಡ ಕೂಡಲೇ ಊರಿಗೆ ಮರಳಲಾಗದೆ ಅಲ್ಲಿಯೇ ಸಿಲುಕಿಕೊಂಡದ್ದು ಎಲ್ಲರಿಗೂ ನೆನಪಿರಬಹುದು. ಅದು ಬೆರಿಲ್ ಚಂಡಮಾರುತದ ಕಾರಣಕ್ಕೆ. ವಿಮಾನ ನಿಲ್ದಾಣವನ್ನೇ ಮುಚ್ಚಿದ್ದರು. ಬಾರ್ಬಡೋಸಿನ ದಕ್ಷಿಣಕ್ಕೆ ಸರಿದುಹೋದ ಅದೇ ಬೆರಿಲ್ ಜುಲೈ 1ರಂದು ಗ್ರೆನಡಾದ ಕರಿಯಾಕೂ ದ್ವೀಪವನ್ನು ಧ್ವಂಸ ಮಾಡಿತು. ವಿಶ್ವಕಪ್ ಗೆದ್ದವರನ್ನು ಕರೆತರಲು ವಿಶೇಷ ವಿಮಾನ ಹೋಗುತ್ತದೆ. ನಮಗೆ ಯಾರು ಕಳುಹಿಸುತ್ತಾರೆ?

ಡಿಸೆಂಬರ್ ಮಧ್ಯದಿಂದ ಏಪ್ರಿಲ್ ಮಧ್ಯದವರೆಗೆ ಒಣ ಹವೆಯ ಹಿತವಾದ ಕಾಲ. ಯುರೋಪ್ ಮತ್ತು ಅಮೆರಿಕದವರು ಚಳಿಗೆ ಹೆದರಿ ಇಳಿದುಬರುವುದೂ ಆಗಲೇ ಆದ್ದರಿಂದ ಬಾಡಿಗೆ ಏರುತ್ತದೆ, ಕ್ರಿಸ್ಮಸ್ ವಾರದಲ್ಲಂತೂ ವಿಪರೀತ. ಜನವರಿಯ ಕೊನೆಯಲ್ಲಿ ಹೊರಟು ಮಾರ್ಚ್ ಮೊದಲ ವಾರದಲ್ಲಿ ಮರಳುವುದು, ಇಲ್ಲವೇ ಏಪ್ರಿಲ್ ಮಧ್ಯದಿಂದ ಮೇ ಕೊನೆಯವರೆಗೆ ಇರುವುದು ನನ್ನ ದೃಷ್ಟಿಯಲ್ಲಿ ಲಾಭದ ಲೆಕ್ಕ. ಎರಡನೆಯದರಲ್ಲಿ ನಮ್ಮ ಬೇಸಗೆಯ ಸೆಖೆಯೂ ತಪ್ಪುತ್ತದೆ. ಉಡುಪಿಯವರಿಗೆ ಮೊದಲನೆಯದರಲ್ಲಿ ಇನ್ನೊಂದು ಅನುಕೂಲವಿದೆ: ಪರ್ಯಾಯದ ವರ್ಷವಾದರೆ ಜನವರಿ 18 ಕಳೆದ ಮೇಲೆಯೇ ಹೊರಡಬಹುದು.

ದ್ವೀಪದ ಆಯ್ಕೆ ಸ್ವಭಾವಕ್ಕೆ ತಕ್ಕಂತೆ ಇರಲಿ. ಮೊದಲ ಸಲ ಹೋಗುವ ಹಿರಿಯರಿಗೆ ನಾನು ಬಾರ್ಬಡೋಸನ್ನೇ ಹೇಳುತ್ತೇನೆ. ಅದರ ಉದ್ದ ಸುಮಾರು 34 ಕಿ.ಮೀ., ಅಂದರೆ ಮಂಗಳೂರಿನಿಂದ ಮೂಲ್ಕಿ ದಾಟಿ ಪಡುಬಿದ್ರಿಯ ಹತ್ತಿರ ಬಂದಷ್ಟು; ಇಂಗ್ಲಿಷ್ ಆಡುವ ಜನ, ನಲ್ಲಿಯ ನೀರು ಕುಡಿಯಲು ಯೋಗ್ಯ, ಬಸ್ಸು ಧಾರಾಳ. ಕಾಡು, ಜಲಪಾತ, ನಡಿಗೆ ಇಷ್ಟವಿದ್ದು ಮೊಣಕಾಲು ಗಟ್ಟಿಯಿರುವವರಿಗೆ ಡೊಮಿನಿಕಾ. ಬೆಟ್ಟದ ನಡುವೆ ಕುದಿಯುವ ಸರೋವರಕ್ಕೆ ಹೋಗಿಬರಲು ಒಂದು ಇಡೀ ಹಗಲು ಬೇಕು. ಸಸ್ಯಾಹಾರಿಗಳಿಗೆ ಟ್ರಿನಿಡಾಡ್ ಅತ್ಯಂತ ಸುಲಭ. 1845ರ ಮೇ 30ರಂದು ಫತೇಲ್ ರಜಾಕ್ ಹಡಗಿನಲ್ಲಿ ಕಲ್ಕತ್ತೆಯಿಂದ ಕೂಲಿಗಾಗಿ ಬಂದವರ ಸಂತತಿ ಅಲ್ಲಿ ದೊಡ್ಡದು. ದೀಪಾವಳಿಗೆ ಸರಕಾರಿ ರಜೆಯಿದೆ, ಕಡಲೆ ಗಸಿಯನ್ನು ಕರಿದ ರೊಟ್ಟಿಯ ನಡುವೆ ಇಟ್ಟುಕೊಡುವ ‘ಡಬಲ್ಸ್’ ಬೀದಿಬೀದಿಯಲ್ಲಿ ಸಿಗುತ್ತದೆ. ಆದರೆ ಅಲ್ಲಿಯ ರಾಜಧಾನಿ ಪೋರ್ಟ್ ಆಫ್ ಸ್ಪೇನ್‌ನ ಕೆಲವು ಭಾಗಗಳಲ್ಲಿ ಕತ್ತಲಾದ ಮೇಲೆ ನಡೆದಾಡಬಾರದು. ಒಂದೇ ರಜೆಯಲ್ಲಿ ನಾಲ್ಕು ದ್ವೀಪ ನೋಡುವ ಆಸೆ ಬೇಡ. ದ್ವೀಪಗಳ ನಡುವಿನ ಸಣ್ಣ ವಿಮಾನಗಳ ಟಿಕೆಟ್ ದುಬಾರಿ.

ಮನೆ, ಅಡುಗೆ, ಓಡಾಟ

ತಿಂಗಳ ಲೆಕ್ಕದಲ್ಲಿ ಬಾಡಿಗೆ ಮಾತಾಡಿದರೆ ದಿನದ ದರಕ್ಕಿಂತ ಗಣನೀಯವಾಗಿ ಇಳಿಯುತ್ತದೆ. ಅಡುಗೆಮನೆ ಇರುವುದು ಅತ್ಯಗತ್ಯ, ಏಕೆಂದರೆ ಬಾರ್ಬಡೋಸಿನಲ್ಲಿ ಆಹಾರದ ಬಹುಪಾಲು ಹೊರಗಿನಿಂದ ಬರುವುದರಿಂದ ಹೋಟೆಲ್ ಊಟ ಕೈ ಸುಡುತ್ತದೆ. ಮನೆ ಪಶ್ಚಿಮ ಅಥವಾ ದಕ್ಷಿಣ ದಡದ ಕಡೆ ಇರಲಿ. ಪಶ್ಚಿಮದಲ್ಲಿ ಕಡಲು ಶಾಂತ, ನಮ್ಮಲ್ಲಿಯಂತೆಯೇ ಸೂರ್ಯ ನೀರಿಗೆ ಇಳಿಯುತ್ತಾನೆ. ಪೂರ್ವದ ಬ್ಯಾತ್‌ಶೀಬಾ ನೋಡಲು ಬಲು ಚೆಂದ, ಆದರೆ ಅಲ್ಲಿ ಈಜುವುದು ಅಪಾಯ. 2011ರಿಂದೀಚೆಗೆ ಸರ್ಗಾಸಮ್ ಎಂಬ ಕಂದು ಪಾಚಿ ರಾಶಿರಾಶಿಯಾಗಿ ಬಂದು ಬೀಳುವುದೂ ಹೆಚ್ಚಾಗಿ ಆ ಕಡೆಗೇ. ಕೊಳೆತರೆ ಅದರ ವಾಸನೆ ಬಹಳ ಕೆಟ್ಟದ್ದು.

ಅಡುಗೆಯ ವಿಷಯದಲ್ಲಿ ಕರಾವಳಿಯವರು ಪುಣ್ಯವಂತರು. ಅಲ್ಲಿಯ ಮುಖ್ಯ ಆಹಾರಗಳಲ್ಲಿ ಒಂದಾದ ಬ್ರೆಡ್‌ಫ್ರೂಟ್ ಬೇರೆ ಯಾವುದೂ ಅಲ್ಲ, ನಮ್ಮ ಜೀಗುಜ್ಜೆ. ತೋಟದ ಗುಲಾಮರಿಗೆ ಅಗ್ಗದ ಆಹಾರವಾಗಲಿ ಎಂದು ಬ್ರಿಟಿಷರು ಕ್ಯಾಪ್ಟನ್ ವಿಲಿಯಂ ಬ್ಲೈ ಎಂಬಾತನ ಮೂಲಕ 1793ರಲ್ಲಿ ತಹೀತಿಯಿಂದ ಅದರ ಗಿಡಗಳನ್ನು ಸೇಂಟ್ ವಿನ್ಸೆಂಟ್ ಮತ್ತು ಜಮೈಕಾಗಳಿಗೆ ತರಿಸಿದ್ದರು. ಮಾರುಕಟ್ಟೆಯಲ್ಲಿ ಅದನ್ನು ಕಂಡಾಗ ನನ್ನ ಪತ್ನಿಗೆ ಆದ ಸಂತೋಷ ಯಾವ ಕಡಲತೀರದಲ್ಲಿಯೂ ಆಗಿರಲಿಲ್ಲ. ಕೆಸುವಿಗೆ ಅಲ್ಲಿ ಡ್ಯಾಶೀನ್ ಎನ್ನುತ್ತಾರೆ. ಟ್ರಿನಿಡಾಡಿನಲ್ಲಿ ಅದರ ಎಲೆಗೆ ಬೆಂಡೆಕಾಯಿ, ತೆಂಗಿನ ಹಾಲು ಸೇರಿಸಿ ಬೇಯಿಸುವ ಪದಾರ್ಥವೇ ಕಲಾಲೂ. ಪತ್ರೊಡೆ ಮಾಡುವವರು ಮಸಾಲೆಯನ್ನು ಒಣಪುಡಿಯಾಗಿ ಒಯ್ದರೆ ಸಾಕು. ಮರಗೆಣಸು, ಬಾಳೆಕಾಯಿ, ತೆಂಗಿನಕಾಯಿಗೆ ಕೊರತೆಯಿಲ್ಲ. ಮೀನು ತಿನ್ನುವವರು ಬಾರ್ಬಡೋಸಿನ ಹಾರುಮೀನನ್ನೂ, ಅಂಜಲಿನ ನೆಂಟನೇ ಆದ ಕಿಂಗ್‌ಫಿಶ್ ಅನ್ನೂ ಕೊಳ್ಳಬಹುದು. ಶುಕ್ರವಾರ ರಾತ್ರಿ ಓಯಿಸ್ಟಿನ್ಸ್‌ನಲ್ಲಿ ಮೀನು ಹುರಿಯುವ ಸಾಲಂಗಡಿಗಳು ಜಾತ್ರೆಯಂತೆ ತುಂಬಿರುತ್ತವೆ. ಪಟ್ಟಿಯಲ್ಲಿ ‘ಡಾಲ್ಫಿನ್’ ಎಂದಿದ್ದರೆ ಗಾಬರಿ ಬೇಡ, ಅದು ಮಾಹಿಮಾಹಿ ಎಂಬ ಮೀನು. ಊರಿನಿಂದ ಹಸಿ ತರಕಾರಿ, ಬೀಜ, ಗಿಡ ಒಯ್ಯಬಾರದು, ಕಸ್ಟಮ್ಸ್‌ನವರು ತೆಗೆದಿರಿಸುತ್ತಾರೆ.

ಮಿಕ್ಸಿ ಒಯ್ಯಬಹುದೇ ಎಂದು ಕೇಳುವವರಿಗೆ ಉತ್ತರ ದ್ವೀಪವನ್ನು ಅವಲಂಬಿಸಿದೆ. ಬಾರ್ಬಡೋಸ್ ಮತ್ತು ಟ್ರಿನಿಡಾಡಿನಲ್ಲಿ ವಿದ್ಯುತ್ತು 115 ವೋಲ್ಟ್, ಜಮೈಕಾದಲ್ಲಿ 110. ನಮ್ಮ 230 ವೋಲ್ಟಿನ ಮಿಕ್ಸಿ ಅಲ್ಲಿ ನರಳುತ್ತದೆಯೇ ಹೊರತು ಅರೆಯುವುದಿಲ್ಲ. ಗ್ರೆನಡಾ, ಡೊಮಿನಿಕಾಗಳಲ್ಲಿ ನಮ್ಮಂತೆಯೇ 230. ಮೊಬೈಲ್ ಚಾರ್ಜರುಗಳಿಗೆ ಎಲ್ಲಿಯೂ ತೊಂದರೆಯಿಲ್ಲ, ಪ್ಲಗ್ ಬದಲಿಸುವ ಅಡಾಪ್ಟರ್ ಇದ್ದರಾಯಿತು.

ಬಾರ್ಬಡೋಸಿನಲ್ಲಿ ಬಸ್ಸಿನ ದರ ಎಲ್ಲಿಂದ ಎಲ್ಲಿಗೆ ಹೋದರೂ 3.50 ಬಾರ್ಬಡೋಸ್ ಡಾಲರ್, ಅಂದರೆ 1.75 ಅಮೆರಿಕನ್ ಡಾಲರ್. ಸರಕಾರಿ ನೀಲಿ ಬಸ್ಸು, ಖಾಸಗಿ ಹಳದಿ ಮಿನಿಬಸ್ಸು, ‘ಜೆಡ್‌ಆರ್’ ಎಂದು ಕರೆಯುವ ಬಿಳಿ ವ್ಯಾನು ಹೀಗೆ ಮೂರು ಬಗೆ. ಜೋರು ಹಾಡು, ಪೈಪೋಟಿಯ ಓಟ, ಜಾಗವಿಲ್ಲದಿದ್ದರೂ ಹತ್ತಿಸಿಕೊಳ್ಳುವ ಕಂಡಕ್ಟರ್: ಜೆಡ್‌ಆರ್ ಹತ್ತಿದ ಮಂಗಳೂರಿಗನಿಗೆ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಿಂದ ಹೊರಟ ಸಿಟಿ ಬಸ್ಸಿನಲ್ಲಿ ಕುಳಿತಂತೆಯೇ ಅನಿಸೀತು. ಚಿಲ್ಲರೆ ಕೈಯಲ್ಲಿರಲಿ. ವಾಹನಗಳು ಎಡಬದಿಯಲ್ಲಿಯೇ ಚಲಿಸುವುದರಿಂದ ಕಾರು ಬಾಡಿಗೆಗೆ ಪಡೆಯುವುದೂ ಕಷ್ಟವಲ್ಲ, ಆದರೆ ಅಲ್ಲಿಯ ತಾತ್ಕಾಲಿಕ ಪರ್ಮಿಟ್ ಮಾಡಿಸಬೇಕು.

ಹಣ ಮತ್ತು ಆರೋಗ್ಯ

ಒಂದು ಅಮೆರಿಕನ್ ಡಾಲರಿಗೆ ಎರಡು ಬಾರ್ಬಡೋಸ್ ಡಾಲರ್ ಎಂಬ ದರ ಸ್ಥಿರವಾಗಿದೆ. ಗ್ರೆನಡಾ, ಡೊಮಿನಿಕಾ ಮೊದಲಾದೆಡೆ ಚಲಾವಣೆಯಲ್ಲಿರುವ ಪೂರ್ವ ಕೆರಿಬಿಯನ್ ಡಾಲರ್ 2.70ಕ್ಕೆ ನಿಂತಿದೆ. ಒಂದು ಪ್ರಯಾಣಕ್ಕೆ ನೋಟಿನ ರೂಪದಲ್ಲಿ ಒಬ್ಬರು 3,000 ಅಮೆರಿಕನ್ ಡಾಲರ್‌ವರೆಗೆ ಒಯ್ಯಬಹುದು, ಉಳಿದದ್ದು ಫಾರೆಕ್ಸ್ ಕಾರ್ಡಿನಲ್ಲಿರಲಿ. ಬ್ಯಾಂಕಿನ ಒಟಿಪಿ ಬರುವ ಸಿಮ್‌ಗೆ ರೋಮಿಂಗ್ ಹಾಕಿಸದೆ ಹೊರಟರೆ, ಕಾರ್ಡಿದ್ದೂ ಹಣ ಪಾವತಿಸಲಾಗದ ಪೇಚು ಎದುರಾಗುತ್ತದೆ. ದಾಖಲೆಗಳಲ್ಲಿ ಹಿಂದಿರುಗುವ ಟಿಕೆಟ್, ಬಾಡಿಗೆ ಕರಾರು, ಬ್ಯಾಂಕ್ ಲೆಕ್ಕದ ಪ್ರತಿ, ಆರು ತಿಂಗಳಿಗಿಂತ ಹೆಚ್ಚು ಅವಧಿಯಿರುವ ಪಾಸ್‌ಪೋರ್ಟ್ ಇವು ಮುದ್ರಿತ ರೂಪದಲ್ಲಿಯೇ ಕೈಚೀಲದಲ್ಲಿರಲಿ.

ವಿಮೆ ಕೊಳ್ಳುವಾಗ ಕೆರಿಬಿಯನ್ ದೇಶಗಳು ಅದರ ವ್ಯಾಪ್ತಿಗೆ ಬರುತ್ತವೆಯೇ, ಮೊದಲೇ ಇರುವ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳಿಗೆ ಅನ್ವಯವಾಗುತ್ತದೆಯೇ, ಬೇರೆ ದೇಶದ ಆಸ್ಪತ್ರೆಗೆ ವಿಮಾನದಲ್ಲಿ ಸಾಗಿಸುವ ವೆಚ್ಚವಿದೆಯೇ ಎಂಬ ಮೂರನ್ನು ಬರಹದಲ್ಲಿ ಕೇಳಿ ಪಡೆಯಬೇಕು. ಸಣ್ಣ ದ್ವೀಪಗಳಲ್ಲಿ ದೊಡ್ಡ ಚಿಕಿತ್ಸೆಗೆ ಸೌಲಭ್ಯ ಕಡಿಮೆಯಾದ್ದರಿಂದ ಮೂರನೆಯದು ಮುಖ್ಯ. ಔಷಧಿಗಳನ್ನು ಮೂಲ ಸ್ಟ್ರಿಪ್ಪಿನಲ್ಲಿಯೇ, ವೈದ್ಯರ ಚೀಟಿಯೊಂದಿಗೆ, ಅಲ್ಲಿರುವ ದಿನಗಳಿಗೆ ಬೇಕಾದುದಕ್ಕಿಂತ ಎರಡು ವಾರಕ್ಕೆ ಹೆಚ್ಚಾಗುವಷ್ಟು ಒಯ್ಯುವುದು ಕ್ಷೇಮ. ಡೆಂಗಿ ಅಲ್ಲಿಯೂ ಇದೆ.

ಟ್ರಿನಿಡಾಡಿಗೆ ಹೋಗುವವರು ಹಳದಿ ಜ್ವರದ ಲಸಿಕೆಯನ್ನು ಮರೆಯಬಾರದು. ಆ ದ್ವೀಪ ಭಾರತ ಸರಕಾರದ ಹಳದಿ ಜ್ವರದ ಪಟ್ಟಿಯಲ್ಲಿದೆ. ಅಲ್ಲಿಂದ ಹೊರಟು ಆರು ದಿನಗಳೊಳಗೆ ಪ್ರಮಾಣಪತ್ರವಿಲ್ಲದೆ ನಮ್ಮ ವಿಮಾನ ನಿಲ್ದಾಣಕ್ಕೆ ಬಂದಿಳಿದರೆ ಪ್ರತ್ಯೇಕವಾಸದಲ್ಲಿ ಇರಿಸುತ್ತಾರೆ. ಸರಕಾರ ಗೊತ್ತುಪಡಿಸಿದ ಕೇಂದ್ರಗಳಲ್ಲಿ ಮಾತ್ರ ಈ ಲಸಿಕೆ ಕೊಡುತ್ತಾರೆ, ಹಾಕಿಸಿಕೊಂಡ ಹತ್ತು ದಿನಗಳ ನಂತರವಷ್ಟೇ ಪ್ರಮಾಣಪತ್ರ ಸಿಂಧುವಾಗುತ್ತದೆ; ಆಮೇಲೆ ಜೀವನಪರ್ಯಂತ ಸಾಕು.

ಎರಡು ವಿಚಿತ್ರ ಸಂಗತಿಗಳನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಸೈನಿಕರ ಬಟ್ಟೆಯಂಥ ಮಚ್ಚೆಮಚ್ಚೆಯ ವಿನ್ಯಾಸದ ಉಡುಪು ಬಾರ್ಬಡೋಸ್, ಟ್ರಿನಿಡಾಡ್, ಜಮೈಕಾಗಳಲ್ಲಿ ಕಾನೂನುಬಾಹಿರ. ಮೊಮ್ಮಕ್ಕಳ ಚಡ್ಡಿ, ಟೋಪಿಗಳನ್ನೂ ನೋಡಿಕೊಳ್ಳಬೇಕು. ಕಡಲತೀರದಲ್ಲಿ ಬೆಳೆಯುವ ಮ್ಯಾಂಚನೀಲ್ ಮರದ ಹಸಿರು ಹಣ್ಣು ಸಣ್ಣ ಸೇಬಿನಂತೆ ಕಂಡರೂ ಘೋರ ವಿಷ. ಮಳೆ ಬಂದಾಗ ಅದರ ಕೆಳಗೆ ನಿಂತರೆ ಎಲೆಯಿಂದ ತೊಟ್ಟಿಕ್ಕುವ ನೀರಿಗೇ ಚರ್ಮ ಬೊಬ್ಬೆಯೇಳುತ್ತದೆ. ಹಲವೆಡೆ ಕಾಂಡಕ್ಕೆ ಕೆಂಪು ಬಣ್ಣ ಬಳಿದು ಗುರುತು ಮಾಡಿರುತ್ತಾರೆ.

ಊರಿನ ಮನೆಯ ವ್ಯವಸ್ಥೆ ಹೆಚ್ಚೇನಿಲ್ಲ: ಬೀಗ ಹಾಕಿದ ಮನೆಯೆಂದು ಠಾಣೆಗೆ ತಿಳಿಸುವುದು, ಮೆಸ್ಕಾಂ ಬಿಲ್ಲಿಗೆ ಏರ್ಪಾಡು, ತುಳಸಿಕಟ್ಟೆಗೆ ನೀರು ಹಾಕಲು ಪಕ್ಕದ ಮನೆಯವರಿಗೆ ಒಂದು ಮಾತು. ಆದರೆ ಮರಳಿದ ನಂತರದ ಮೂರು ನಾಲ್ಕು ದಿನ ಯಾವ ಸಮಾರಂಭಕ್ಕೂ ಒಪ್ಪಿಕೊಳ್ಳಬಾರದು. ನಮಗೂ ಬಾರ್ಬಡೋಸಿಗೂ ಒಂಬತ್ತೂವರೆ ಗಂಟೆಯ ಅಂತರ. ಬಂದ ಮರುದಿನವೇ ಹತ್ತಿರದ ನೆಂಟರ ಮದುವೆಗೆ ಹೋದ ನಾನು ಮಧ್ಯಾಹ್ನ ಹನ್ನೆರಡರ ಮೊದಲ ಪಂಕ್ತಿಯಲ್ಲಿ ಎಲೆಯ ಮುಂದೆ ಕುಳಿತೆ. ಆಗ ಬ್ರಿಜ್‌ಟೌನಿನಲ್ಲಿ ನಡುರಾತ್ರಿ ಎರಡೂವರೆ. ಸಾರು ಬಡಿಸಲು ಬಂದವರು ನನ್ನ ಭುಜ ತಟ್ಟಿ ಎಬ್ಬಿಸಬೇಕಾಯಿತು.